ಕೊರಿಯನ್ ಹೋಟೆಲಿನಲ್ಲಿ ದೊಡ್ಡವ್ವನ ರೊಟ್ಟಿ ಗಂಟು

ಗೆಳೆಯರೇ, ಗಂಗಾವತಿಯ ಹೊಸ ಕೊರಿಯನ್ ಹೋಟೆಲಿಗೆ ಹೋಗುವವರು ಮೊದಲು ಮನೆಯ ಹಿರಿಯರ ಕೈಚೀಲ ನೋಡಿಕೊಂಡು ಹೋಗಿ.

ಇವತ್ತು ಮಧ್ಯಾಹ್ನ ಯಲಬುರ್ಗಾದಿಂದ ಬಂದಿದ್ದ ದೊಡ್ಡವ್ವನನ್ನು ಕರೆದೊಯ್ದಿದ್ದೆ. ನನ್ನ ಆಸೆಯೆಲ್ಲ ಅಲ್ಲಿನ ಖಾರದ ನೂಡಲ್ಸ್ ಮೇಲೆ. ಕೂತ ಕೂಡಲೇ ಸಪ್ಲೈಯರ್ ಪುಟ್ಟ ಬಟ್ಟಲುಗಳನ್ನು ತಂದಿಟ್ಟ. ಹುಳಿ ಬಂದ ಎಲೆಕೋಸಿನ ಕಿಮ್ಚಿ, ಮೊಳಕೆ ಕಾಳು, ಸೌತೆಕಾಯಿ, ಸಿಹಿ ಆಲೂಗಡ್ಡೆ.

"ಇವು ಫ್ರೀ ರೀ, ಬೇಕಾದಷ್ಟು ಹಾಕಿಸ್ಕೊಳ್ರಿ. ಆರ್ಡರ್ ಆಮ್ಯಾಲೆ ಹೇಳ್ರಿ" ಅಂದ.

ದೊಡ್ಡವ್ವ ಒಂದನ್ನೂ ಮುಟ್ಟದೆ ಅಡುಗೆಮನೆ ಕಡೆ ನೋಡುತ್ತ ಕೂತಳು. ಯಾಕೆಂದು ಕೇಳಿದೆ.

"ಪಲ್ಯಾ ಎಲ್ಲಾ ಬಂದಾವು. ರೊಟ್ಟಿ ಇನ್ನಾ ಬಡಿಯಾಕ ಹತ್ಯಾರೇನು?"

"ಇಲ್ಲಿ ರೊಟ್ಟಿ ಇರಂಗಿಲ್ಲ ದೊಡ್ಡವ್ವ" ಎಂದದ್ದೇ ತಡ, ಚೀಲದಿಂದ ಖಡಕ್ ರೊಟ್ಟಿಯ ಗಂಟು ಹೊರಬಂತು. ಕಿಮ್ಚಿ ಮೇಲೆ ಶೇಂಗಾ ಚಟ್ನಿ ಉದುರಿಸಿದಳು. ಬಟ್ಟಲು ಖಾಲಿಯಾದಾಗಲೆಲ್ಲ ಖಾನಾವಳಿಯಲ್ಲಿ ಕೂತವಳಂತೆ "ತಮ್ಮಾ, ಇನ್ನೊಂದಿಷ್ಟು ಹಾಕು" ಎಂದಳು. ರುಚಿ ನೋಡಲು ಹೋಗಿ ನಾನೂ ಹೊಟ್ಟೆ ತುಂಬ ತಿಂದೆ.

ಸಪ್ಲೈಯರ್ ಮೆನು ಹಿಡಿದು ಬಂದ. "ಏನ್ ಕೊಡ್ಲಿ ರೀ?"

"ಊಟ ಆತಪ್ಪಾ. ಮಜ್ಜಿಗಿ ಇದ್ರ ಕೊಡು" ಅಂದಳು ದೊಡ್ಡವ್ವ.

ಇಲ್ಲೇ ಹತ್ತಿರದ ಸಿದ್ದಾಪುರ ಕಡೆಯ ಮಾಲೀಕರೇ ಗಲ್ಲಾದಿಂದ ಎದ್ದು ಬಂದರು. "ಯವ್ವಾ, ಹೊರಗಿಂದು ಇಲ್ಲಿ ತಿನ್ನಂಗಿಲ್ರಿ" ಎಂದು ಉಳಿದ ರೊಟ್ಟಿಯ ಗಂಟನ್ನು ಎತ್ತಿಕೊಂಡು ಒಳಗೆ ನಡೆದರು. ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೂ ನಾಚಿಕೆಯಾಗಿ ನೂಡಲ್ಸ್ ಹೇಳಿದೆ.

ಎಷ್ಟು ಹೊತ್ತಾದರೂ ಬರಲಿಲ್ಲ. ಅಡುಗೆಮನೆಗೆ ಇಣುಕಿದರೆ ಮಾಲೀಕರು, ಅಡುಗೆಯವರು, ಸಪ್ಲೈಯರ್, ಎಲ್ಲರ ಕೈಯಲ್ಲೂ ನಮ್ಮ ರೊಟ್ಟಿ.

"ತಡೀರಿ ಸರ್" ಅಂದರು ಮಾಲೀಕರು, "ಊಟಕ್ಕ ಕುಂತೀವಿ."