ಹಲಗೂರಿನ ಸಂಜೆ ಬಸ್ಸು, ಸೊನ್ನೆ ಟಿಕೆಟ್ಟು

ಮಂಡ್ಯದ ಬಸ್ ಕಚೇರಿಯಲ್ಲಿ ನನ್ನದು ಅಂಕಿ-ಅಂಶದ ಕೆಲಸವಾಗಿತ್ತು. ಮಂಡ್ಯ, ಮದ್ದೂರು, ಮಳವಳ್ಳಿಯ ಕಂಡಕ್ಟರುಗಳು ದಿನವಿಡೀ ಹರಿದ ಟಿಕೆಟ್ಟಿನ ಲೆಕ್ಕವೆಲ್ಲ ಅವರ ಮೆಷಿನ್ನುಗಳಿಂದ ನನ್ನ ಕಂಪ್ಯೂಟರಿಗೆ ಬಂದು ಬೀಳುತ್ತಿತ್ತು. ಯಾರು ಎಲ್ಲಿ ಹತ್ತಿದರು, ಎಲ್ಲಿಗೆ ಹೋದರು, ಎಷ್ಟು ಹೊತ್ತಿಗೆ, ಎಲ್ಲವೂ. ಯಾವ ದಾರಿಗೆ ಬಸ್ಸು ಹೆಚ್ಚು ಬಿಡಬೇಕು, ಯಾವುದನ್ನು ನಿಲ್ಲಿಸಬೇಕು ಅಂತ ಮೇಲಿನವರು ಅದನ್ನು ನೋಡಿಯೇ ತೀರ್ಮಾನ ಮಾಡುತ್ತಿದ್ದರು.

ಹೋದ ವರ್ಷ ಮಳವಳ್ಳಿಯಿಂದ ಹಲಗೂರಿಗೆ ಹೋಗುವ ಸಂಜೆ ಬಸ್ಸನ್ನು ನಿಲ್ಲಿಸುವ ಮಾತು ಬಂತು. ಬಸ್ಸು ಖಾಲಿ ಓಡುತ್ತಿದೆ, ಪಟ್ಟಿ ಮಾಡಿ ಕೊಡು ಅಂದರು ನಮ್ಮ ಸಾಹೇಬರು. ಮಾಡಲು ಕೂತರೆ ಅದು ಖಾಲಿ ಇರಲೇ ಇಲ್ಲ. ಹೆಂಗಸರಿಗೆ ಈಗ ಪ್ರಯಾಣ ಪುಕ್ಕಟೆ. ಕಂಡಕ್ಟರು ಸೊನ್ನೆ ಟಿಕೆಟ್ಟು ಹರಿದು ಕೊಡುತ್ತಾನೆ. ಸಾಹೇಬರು ಕೈಗೆ ದುಡ್ಡು ಬಂದ ಟಿಕೆಟ್ಟುಗಳನ್ನಷ್ಟೇ ನೋಡಿದ್ದರು. ಸೊನ್ನೆಯವನ್ನೂ ಸೇರಿಸಿದರೆ ಸೀಟು ಸಾಲದೆ ಜನ ನಿಂತು ಹೋಗುತ್ತಿದ್ದರು.

ಸೇರಿಸಿಯೇ ಕೊಟ್ಟೆ. ಅವರು ಪಟ್ಟಿಯನ್ನು ನನ್ನ ಕಡೆಗೇ ತಳ್ಳಿ, ಸೊನ್ನೆಯವರನ್ನು ತೆಗೆದು ತಾ ಅಂದರು.

"ಆಗಲ್ಲ ಸಾರ್. ಎಷ್ಟು ಜನ ಅಂತ ಕೇಳಿದ್ರಿ. ಹೆಂಗಸರು ಜನ ಅಲ್ವಾ?"

ಆಡಿದ ಮಾತು ವಾಪಸು ತಗೊಳ್ಳಲಿಲ್ಲ. ದೊಡ್ಡವರ ಜೊತೆ ಹಟ ಬೇಡ ಅಂತ ಪಕ್ಕದ ಮೇಜಿನವರು ಬುದ್ಧಿ ಹೇಳಿದರು. ಹಟ ಅಂದರೆ ಹಟವೇ ಆಗಲಿ ಅನ್ನಿಸಿತು ನನಗೆ.

ಮಾರನೆ ದಿನ ಮಳವಳ್ಳಿಗೆ ಹೋಗಿ ಆ ಬಸ್ಸನ್ನೇ ಹತ್ತಿದೆ. ಮದ್ದೂರಿನ ಗಾರ್ಮೆಂಟ್ಸಿನಲ್ಲಿ ಕೆಲಸ ಮುಗಿಸಿದ ಹೆಂಗಸರು ಅಲ್ಲಿಂದ ಬಂದ ಬಸ್ಸಿನಿಂದ ಇಳಿದವರೇ ನಮ್ಮ ಬಸ್ಸಿಗೆ ಓಡಿ ಬಂದರು. ನನ್ನ ಪಕ್ಕ ಕಂಬಿ ಹಿಡಿದು ನಿಂತವಳಿಗೆ ಬಸ್ಸು ನಿಲ್ಲಿಸುವ ವಿಚಾರ ಆಗಲೇ ತಿಳಿದಿತ್ತು.

"ಇವ್ರು ಬಸ್ಸು ಬುಡ್ಲಿಲ್ಲ ಅಂದ್ರೆ ನಾವು ಕೆಲ್ಸ ಬುಡ್ಬೇಕು ಕಣಮ್ಮ. ನಾನಂತೂ ಬುಡಾಕಿಲ್ಲ," ಅಂದಳು.

ಆ ವಾರದ ಸಭೆಗೆ ಮೇಲಧಿಕಾರಿ ಬಂದಿದ್ದರು. ನಮ್ಮ ಸಾಹೇಬರು ಬೇರೆಯವರಿಂದ ಮಾಡಿಸಿದ ಪಟ್ಟಿ ತೋರಿಸಿ ಕೂತರು. ಯಾರೂ ಕರೆಯದಿದ್ದರೂ ನಾನು ಎದ್ದು ಹೋಗಿ ನನ್ನದನ್ನು ಪರದೆಯ ಮೇಲೆ ಹಾಕಿದೆ. ಆ ಬಸ್ಸಿನಲ್ಲಿ ಎಷ್ಟು ಜನ ಹೋಗುತ್ತಾರೆ ಅನ್ನುವುದಷ್ಟೇ ಅಲ್ಲ, ಮದ್ದೂರಿನ ಬಸ್ಸು ತಡವಾದ ದಿನ ಹತ್ತುವವರು ಅರ್ಧದಷ್ಟಾಗುವುದೂ ಅದರಲ್ಲಿ ಕಾಣುತ್ತಿತ್ತು. ಮೇಲಧಿಕಾರಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಹಾಕಿಸಿ ಹೋಲಿಸಿ ನೋಡಿದರು. ಬಸ್ಸು ನಿಲ್ಲಿಸುವುದು ಬೇಡ, ಮದ್ದೂರಿನದು ಬರುವ ತನಕ ಕಾದು ಹೊರಡಲಿ ಅಂದರು.

ತಿಂಗಳೊಳಗೆ ನನ್ನನ್ನು ಟೈರು, ಬಿಡಿಭಾಗಗಳ ಉಗ್ರಾಣಕ್ಕೆ ಹಾಕಿದರು. ಈಗಲೂ ಅಲ್ಲೇ ಇದ್ದೇನೆ. ಕರೆಯದೆ ಮಾತಾಡಿದ್ದು ತಪ್ಪಾಯಿತು ಅಂತ ಬರೆದುಕೊಟ್ಟರೆ ಹಳೇ ಜಾಗ ಸಿಗುತ್ತದೆ ಅಂತ ಸಾಹೇಬರು ಹೇಳಿ ಕಳಿಸಿದ್ದಾರೆ. ನಾನು ಬರೆದುಕೊಟ್ಟಿಲ್ಲ. ಕೊಡುವುದೂ ಇಲ್ಲ.