ಸಣ್ಣೇಗೌಡರ ಬಿಸಿನೀರಿನ ಲೆಕ್ಕ

ಯಾರ ಮನೆಗೆ ಹೋದರೂ ಸಣ್ಣೇಗೌಡರು ಜಗಲಿಯಲ್ಲಿ ಕೂರುವ ಮೊದಲು ಬಚ್ಚಲಮನೆ ನೋಡಿಬರುತ್ತಿದ್ದರು. ಅಲ್ಲಿ ನೀರು ಯಾವುದರಿಂದ ಕಾಯುತ್ತದೆಂದು ತಿಳಿಯದೆ ಅವರಿಗೆ ಕಾಫಿ ಗಂಟಲಿಳಿಯುತ್ತಿರಲಿಲ್ಲ. ಹೊಂಗಡಹಳ್ಳದಲ್ಲಿ ನಮ್ಮ ಬೇಲಿಯಾಚೆಗೆ ಅವರ ಮನೆ. ಗ್ಯಾಸ್ ಗೀಸರ್, ಕರೆಂಟ್ ಗೀಸರ್ ಎರಡನ್ನೂ ಅಕ್ಕಪಕ್ಕ ಗೋಡೆಗೆ ಕೂರಿಸಿ, ಒಂದು ತಿಂಗಳು ಇದು, ಇನ್ನೊಂದು ತಿಂಗಳು ಅದು ಎಂದು ಖರ್ಚು ಹೋಲಿಸಿದ ಮನುಷ್ಯ ನಾನು ಬಲ್ಲಂತೆ ಅವರೊಬ್ಬರೇ.

ನನ್ನ ಮಗಳು ಹೆರಿಗೆಗೆ ಬರುವವಳಿದ್ದಳು. ಹೊಗೆಗೆ ಬೇಸತ್ತು ನಾವು ಹಂಡೆಯೊಲೆಯನ್ನು ಒಡೆಸಿಯಾಗಿತ್ತು. ಬಾಣಂತಿಗೆ ಸುಡುಸುಡು ನೀರಿಲ್ಲದೆ ನಡೆಯದು. ಗ್ಯಾಸ್ ಗೀಸರ್ ಕೊಳ್ಳಲು ಸಕಲೇಶಪುರಕ್ಕೆ ಹೊರಟವನನ್ನು ಗೌಡರು ಗೇಟಿನಲ್ಲೇ ತಡೆದರು.

"ಗ್ಯಾಸಾ? ದುಡ್ಡು ಹೆಚ್ಚಾಗೈತಾ ಮೇಷ್ಟ್ರೇ? ಕರೆಂಟ್ ಬಿಲ್ ಬಂದೈತೆ, ನೋಡ್ಬುಡಿ. ಸಿಲಿಂಡರಿನ ಕಾಲುಭಾಗಾನೂ ಇಲ್ಲ ಕಣ್ರೀ!"

ಬಿಲ್ಲು ಸುಳ್ಳಾಗಿರಲಿಲ್ಲ. ಕರೆಂಟ್ ಗೀಸರನ್ನೇ ತಂದೆ. ಗಣಿತದ ಮೇಷ್ಟ್ರಿಗೂ ತಾವೇ ಲೆಕ್ಕ ಹೇಳಿಕೊಟ್ಟುದಾಗಿ ಅವರು ಊರೆಲ್ಲ ಸಾರಿದರು.

ಮಗು ಹುಟ್ಟಿತು. ಬಾಣಂತಿಗೆ ನೀರೆರೆಯಲು ಬಂದ ಪುಟ್ಟಮ್ಮ ಬಕೆಟ್ಟಿಗೆ ಕೈಯದ್ದಿ, "ಇದ್ಯಾವ ನೀರಪ್ಪಾ? ಕೋಳಿಮರೀಗೂ ನೆಗಡಿ ಆಯ್ತದೆ" ಎಂದಳು. ಬೆಳಗಿನಿಂದ ಕರೆಂಟಿರಲಿಲ್ಲ. ಎಣ್ಣೆ ಹಚ್ಚಿಸಿಕೊಂಡ ಮಗಳು ಬಚ್ಚಲಲ್ಲಿ ನಡುಗುತ್ತಿದ್ದಳು. ಅಡುಗೆಯೊಲೆಯ ಮೇಲೆ ಒಂದು ಪಾತ್ರೆ ಕಾಯುವಷ್ಟರಲ್ಲಿ ಇನ್ನೊಂದು ಆರುತ್ತಿತ್ತು. ಕರೆಂಟು ಹೋದಾಗ ನೀವೇನು ಮಾಡುತ್ತೀರೆಂದು ಬೇಲಿಯ ಬಳಿ ನಿಂತು ಗೌಡರ ಹೆಂಡತಿ ಜಯಕ್ಕನನ್ನು ಕೇಳಿದೆ.

"ಅಯ್ಯೋ, ಆ ಬಿಲ್ ಬಂದ ತಿಂಗ್ಳು ಕರೆಂಟೇ ಎಲ್ಲಿತ್ತು? ನೀವು ಹಾಸನಕ್ಕೋಗಿದ್ರಿ. ಮರ ಬಿದ್ದು ಕಂಬ ಮುರ್ದೋಗಿತ್ತು. ಗ್ಯಾಸ್ ಮುಟ್ಟುದ್ರೆ ಲೆಕ್ಕ ಕೆಡ್ತದೆ ಅಂದ್ರು ಇವ್ರು, ನಾವು ಹಂಡೇಲೇ ಕಾಸ್ಕಂಡ್ವಿ!"

ನಾನು ಬಾಯಿ ತೆರೆಯುವ ಮೊದಲೇ ಗೌಡರು ಬೇಲಿಯ ಗೂಟ ಕಿತ್ತು, ಹಬೆಯಾಡುವ ಎರಡು ಬಕೆಟ್ ಹಿಡಿದು ಈಚೆ ಬಂದರು. ಬಾಣಂತನ ಮುಗಿಯುವವರೆಗೂ, ಕರೆಂಟು ಕೈಕೊಟ್ಟ ದಿನವೆಲ್ಲ ಹಾಗೆಯೇ ಹೊತ್ತು ತಂದರು, ಪ್ರತಿ ಸಲವೂ ಹೇಳಿದರು: "ಇದು ಗ್ಯಾಸಿಂದು ಕಣ್ರೀ, ಬಲು ದುಬಾರಿ. ಏನೇ ಅನ್ನಿ, ಕರೆಂಟೇ ಅಗ್ಗ."

ಆ ನೀರಿಗೆ ನಾನು ಋಣಿ. ಆ ಮಾತನ್ನು ಕ್ಷಮಿಸಿಲ್ಲ.

ಕೆಲವು ವರ್ಷಗಳ ಮೇಲೆ, ಹಾಸನದ ಆಸ್ಪತ್ರೆಗೆ ಹೋಗಲು ಜೀಪು ಹತ್ತಿದ್ದ ಗೌಡರು ನನ್ನನ್ನು ಕಂಡು ಕೂಗಿದರು: "ನಿಮ್ ಗೀಸರ್ ಇನ್ನೂ ಕೆಟ್ಟಿಲ್ವಂತೆ! ನೋಡಿದ್ರಾ ಮೇಷ್ಟ್ರೇ, ರಿಪೇರಿ ಖರ್ಚೂ ಇಲ್ಲ!"

ಬಾಣಂತನ ಮುಗಿದ ಮೇಲೆ ನಾವು ಹಂಡೆಗೇ ಮರಳಿದ್ದೆವು. ಬಳಸದೆ ಇಟ್ಟದ್ದು ಕೆಡುವುದಾದರೂ ಹೇಗೆ ಎನ್ನುವಷ್ಟರಲ್ಲಿ ಜೀಪು ಹೊರಟಿತು. ಅವರು ಮರಳುವುದರೊಳಗೆ ಒಂದಂಶವನ್ನೂ ಬಿಡದೆ ಉತ್ತರವನ್ನು ಜೋಡಿಸಿಟ್ಟುಕೊಂಡೆ. ಅವರು ಮರಳಲಿಲ್ಲ. ಆ ಉತ್ತರವನ್ನು ಆಮೇಲೆ ಹಲವರಿಗೆ ಹೇಳಿ ನೋಡಿದ್ದೇನೆ; ಎಲ್ಲರೂ ಕೂಡಲೇ ಒಪ್ಪಿಬಿಡುತ್ತಾರೆ.