ಹಿಮ್ಮುಖವಾಗಿ ಹತ್ತಿದ ದೀಪಗಳು

ಕರೆಂಟಿಲ್ಲದೆ ದೀಪ ಹತ್ತಿತು ಎಂದು ಯಾರಾದರೂ ಹೇಳಿದ್ದರೆ, ಸರ್ಕ್ಯೂಟುಗಳ ನಡುವೆಯೇ ಬದುಕು ಕಳೆದ ನಾನು ನಕ್ಕುಬಿಡುತ್ತಿದ್ದೆ. ಈಗ ನಗಲಾರೆ. ನೀವು ನಂಬಲೇಬೇಕೆಂದೂ ಕೇಳುವುದಿಲ್ಲ.

ನನ್ನ ಸಹೋದ್ಯೋಗಿ ವಿಮಲಾಗೆ ಹಳೆಯ ಸರ್ಕ್ಯೂಟುಗಳ ಹುಚ್ಚು. ಟ್ರಾನ್ಸಿಸ್ಟರು ಇನ್ನೂ ದುಬಾರಿಯಾಗಿದ್ದ ಕಾಲದಲ್ಲಿ ಮೆಣಸಿನಕಾಳಿನಷ್ಟು ಕಾಂತದ ಉಂಗುರಗಳೇ ಸ್ವಿಚ್ಚಿನ ಕೆಲಸ ಮಾಡುತ್ತಿದ್ದವಂತೆ. ಅಂಥವನ್ನು ಹುಡುಕಿ ತಂದು, ತಾಮ್ರದ ತಂತಿ ಪೋಣಿಸಿ, ಸ್ಯಾನ್ ಹೊಸೆಯ ತನ್ನ ಗರಾಜಿನಲ್ಲಿ ಒಂದು ಹಲಗೆ ಕಟ್ಟಿದ್ದಳು. ಗುಂಡಿ ಒತ್ತಿದರೆ ಒಂದು ಉಂಗುರದ ಕಾಂತ ತಿರುಗಿ ಪಕ್ಕದ್ದನ್ನೂ ತಿರುಗಿಸುತ್ತಿತ್ತು. ಮೇಲಿನ ಪುಟ್ಟ ದೀಪಗಳು ಎಡದಿಂದ ಬಲಕ್ಕೆ ಒಂದೊಂದಾಗಿ ಹತ್ತುತ್ತಿದ್ದವು. ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ಡಯೋಡುಗಳು ಹಿಂದಕ್ಕೆ ಹೋಗಲು ಬಿಡುತ್ತಿರಲಿಲ್ಲ.

ಕ್ಯಾನ್ಸರಿಗೆ ಕೀಮೋ ನಡೆಯುತ್ತಿರುವಾಗಲೇ ಆಫೀಸು ಅವಳನ್ನು ಕೆಲಸದಿಂದ ತೆಗೆದುಹಾಕಿತು. ಅದನ್ನು ಅವಳಿಗೆ ತಿಳಿಸಿದ ವೀಡಿಯೊ ಮೀಟಿಂಗಿನಲ್ಲಿ ನಾನೂ ಇದ್ದೆ. ಚಳಿಗಾಲಕ್ಕೆ ಮುಂಚೆ ಅವಳು ಹೋದಳು.

ವೈಕುಂಠ ಸಮಾರಾಧನೆಯ ಮಧ್ಯಾಹ್ನ ಅವಳ ಗಂಡ ನಾಗೇಶ ಫೋಟೊದ ಪಕ್ಕ ಆ ಹಲಗೆ ಇಟ್ಟಿದ್ದ. ಸೋರುತ್ತಿದ್ದ ಬ್ಯಾಟರಿಗಳನ್ನು ಬೆಳಿಗ್ಗೆ ನಾನೇ ಕಿತ್ತು ಎಸೆದಿದ್ದೆ. ಊಟವಾದ ಮೇಲೆ, ಸ್ಯಾನ್ ಮಟಿಯೋದಿಂದ ಬಂದಿದ್ದ ನಮ್ಮ ಮ್ಯಾನೇಜರು ಮಾತಾಡಲು ಎದ್ದು ನಿಂತ.

"ರೆಸ್ಟ್ ಬೇಕು ಅಂತ ವಿಮಲಾನೇ ಕೆಲಸ ಬಿಟ್ರು. ನಾವು ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

"ಅವಳು ಬಿಡ್ಲಿಲ್ಲ, ನೀವು ತೆಗೆದ್ರಿ," ಎಂದೆ.

ನಾಗೇಶ ನನ್ನತ್ತ ಬಾಗಿದ. "ಇವತ್ತು ಬೇಡ, ಪ್ಲೀಸ್."

ಆಗಲೇ ಹಲಗೆಯ ಬಲತುದಿಯ ದೀಪ ಹತ್ತಿತು. ಅದು ಆರಿ ಅದರ ಎಡಗಡೆಯದು, ಆಮೇಲೆ ಇನ್ನೊಂದು. ನಿಧಾನವಾಗಿ ಬೆಳಕು ಎಡತುದಿ ಮುಟ್ಟಿ ಆರಿಹೋಯಿತು. ಎಲ್ಲರೂ ನೋಡಿದರು. "ನೈಸ್ ಡೆಮೊ," ಎಂದು ಮ್ಯಾನೇಜರು ಮಾತು ಮುಂದುವರಿಸಿದ. ನಾನು ಹಲಗೆ ತಿರುಗಿಸಿ ನಾಗೇಶನಿಗೆ ತೋರಿಸಿದೆ. ಬ್ಯಾಟರಿ ಗೂಡು ಖಾಲಿ. ಅವನ ಮುಖ ಬಿಳಿಚಿಕೊಂಡಿತು. ಆದರೂ ಮಾತು ಮುಗಿದ ಮೇಲೆ ಮ್ಯಾನೇಜರಿಗೆ ಕೈಮುಗಿದು ಥ್ಯಾಂಕ್ಸ್ ಹೇಳಿದ.

ಕೆಲವು ವಾರಗಳ ನಂತರ ನಾಗೇಶ ಹಲಗೆಯನ್ನು ನನ್ನ ಮನೆಗೆ ತಂದ. "ನೀವೇ ಇಟ್ಕೊಳ್ಳಿ. ಮಗಳಿಗೆ ಅದೇ ಆಫೀಸಲ್ಲಿ ಕೆಲಸ ಆಯ್ತು. ಇದು ಮನೇಲಿರೋದು ಬೇಡ."

"ಅವತ್ತು ನೀವೂ ನೋಡಿದ್ರಲ್ಲ?"

"ನಾನೇನೂ ನೋಡ್ಲಿಲ್ಲ," ಎಂದು ಕಾರು ಹತ್ತಿದ.

ಕಾಂತದ ಉಂಗುರ ತಾನಿದ್ದ ಸ್ಥಿತಿಯನ್ನು ಕರೆಂಟಿಲ್ಲದೆಯೂ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಆದರೆ ದೀಪ ಹತ್ತಿಸುವ ಶಕ್ತಿ ಅದಕ್ಕಿಲ್ಲ. ಹೊಸ ಬ್ಯಾಟರಿ ಹಾಕಿ ಎಷ್ಟೋ ರೀತಿ ಪರೀಕ್ಷಿಸಿದ್ದೇನೆ. ದೀಪಗಳು ಎಡದಿಂದ ಬಲಕ್ಕೇ ಹೋಗುತ್ತವೆ. ಅಂದು ನಡೆದದ್ದು ಏನೆಂದು ಇಂದಿಗೂ ನನಗೆ ತಿಳಿದಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಆ ಕೋಣೆಯಲ್ಲಿ ಅಷ್ಟು ಜನರಿದ್ದರೂ, ನೋಡಿದೆ ಎನ್ನುವವಳು ಈಗ ನಾನೊಬ್ಬಳೇ.